ಸಮುದ್ರಕ್ಕೆ ದಾರಿ, ಕೆಳಗೊಂದು ಸಾಲು

ಊರಿನವರೆಲ್ಲ ಅವನನ್ನು ಬೋರ್ಡಣ್ಣ ಎನ್ನುತ್ತಿದ್ದರು. ಕಡಲ ದಡದ ಆ ಪ್ರವಾಸಿ ಊರಿನಲ್ಲಿ ಲಾಡ್ಜು, ಹೋಟೆಲು, ಕ್ಷೌರದಂಗಡಿ, ಯಾವುದರ ಬೋರ್ಡು ನೋಡಿದರೂ ಅವನದೇ ಕೈಬರಹ. ಮನೆಯಲ್ಲಿ ಕೂತರೆ ಅಲೆಗಳ ಸದ್ದು ಕೇಳುತ್ತದೆ ಎಂದು ಫೋನಿನಲ್ಲಿ ಅಕ್ಕನ ಮುಂದೆ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಈಗ ಅಕ್ಕ ಬಂದೇಬಿಟ್ಟಿದ್ದಳು. ಮಂಡಿಯ ಆಪರೇಷನ್ ಆಗಿತ್ತು, ಕೈಯಲ್ಲಿ ಕೋಲಿತ್ತು, ಹುಟ್ಟಿದ ಮೇಲೆ ಒಮ್ಮೆಯೂ ಸಮುದ್ರ ಕಂಡವಳಲ್ಲ. ನಾಳೆ ಬೆಳಿಗ್ಗೆ ವಾಪಸು ಬಸ್ಸು. ಕಡಲ ನೀರಿಗೆ ಕಾಲಿಡದೆ ಬಸ್ಸು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಳು.

ದೊಡ್ಡ ಬೀಚಿಗೆ ಕಡಿದಾದ ಮೆಟ್ಟಿಲು. ಆ ಮಂಡಿಗೆ ಆಗದ ಮಾತು. ಹಾಗಾಗಿ ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಣಿ ಹುಡುಕಲು ಹೊರಟ. ಒಂದು ಓಣಿಯ ಬಾಯಲ್ಲಿ ‘ಖಾಸಗಿ ರಸ್ತೆ’. ಮುಂದಿನದರಲ್ಲಿ ‘ಲಾಡ್ಜಿನವರಿಗೆ ಮಾತ್ರ’. ಅದರಾಚೆ ‘ನಾಯಿ ಇದೆ’. ನಾಯಿಯ ಚಿತ್ರವೂ ಇತ್ತು, ಬಾಲ ಮಾತ್ರ ಸ್ವಲ್ಪ ಉದ್ದವಾಗಿತ್ತು.

“ಎಲ್ಲಾ ನೀನೇ ಬರೆದಿದ್ದು ತಾನೆ?” ಅಕ್ಕ ಕೇಳಿದಳು.

“ಹೂಂ.”

“ಅಕ್ಷರ ಮುತ್ತಿನ ಹಾಗಿದೆ ಬಿಡು. ಸಮುದ್ರಕ್ಕೇ ಬೀಗ ಹಾಕಿದೀಯಲ್ಲೋ ಮಹಾರಾಯ!”

ಅವನ ಮುಖ ಇಂಗು ತಿಂದ ಮಂಗನಂತಾಯಿತು.

ಉಳಿದಿದ್ದು ಹೊಸ ಹೋಟೆಲಿನ ಗೋಡೆ ಪಕ್ಕದ, ಪುರಸಭೆಯ ಓಣಿ. ಮೆಟ್ಟಿಲಿಲ್ಲ, ತಳ್ಳುಗಾಡಿಯೂ ಇಳಿಯುವಂಥ ಇಳಿಜಾರು. ಅದು ಮುಚ್ಚಿಹೋಗಿದೆ ಎಂದು ಊರೆಲ್ಲ ಹೇಳುತ್ತಿತ್ತು. ಆದರೂ ನೋಡಿಬಿಡೋಣ ಎಂದು ಬಂದ. ಪುರಸಭೆಯ ನೀಲಿ ಬೋರ್ಡಿನ ಕೆಳಗೆ ಹೋಟೆಲಿನ ವಾಚ್‌ಮನ್ ಕುರ್ಚಿ ಹಾಕಿಕೊಂಡು ಕೂತಿದ್ದ.

“ಆಗಲ್ಲ ಬೋರ್ಡಣ್ಣ. ಓದಿ ನೋಡಿ, ನೀವೇ ಬರೆದಿದ್ದು,” ಎಂದ.

‘ಸಮುದ್ರಕ್ಕೆ ದಾರಿ’ ಎಂದಿತ್ತು. ಅದರ ಕೆಳಗೆ, ‘ಹೊರಗಿನವರಿಗೆ ಪ್ರವೇಶವಿಲ್ಲ’.

ಬೋರ್ಡಣ್ಣನಿಗೆ ಆಗ ನೆನಪಾಯಿತು. ಪುರಸಭೆಯವರು ಹೇಳಿದ್ದು ಮೇಲಿನ ಸಾಲು ಮಾತ್ರ. ಬರೆದು, ಹಿಂದೆ ಸರಿದು ನೋಡಿದಾಗ ಬೋರ್ಡಿನ ಕೆಳಭಾಗ ಬೋಳುಬೋಳಾಗಿ ಕಂಡಿತ್ತು. ಖಾಲಿ ಜಾಗ ಅವನ ಕಣ್ಣಿಗೆ ಆಗಿಬರುತ್ತಿರಲಿಲ್ಲ. ವಾರವಿಡೀ ಹೋಟೆಲುಗಳಿಗೆ ಬರೆದು ಪಳಗಿದ ಕೈ, ತನ್ನ ಪಾಡಿಗೆ ತಾನು ಅದೇ ಸಾಲನ್ನು ಅಂದವಾಗಿ ಕೂರಿಸಿತ್ತು. ಪುರಸಭೆಯಲ್ಲಿ ಯಾರೂ ಓದಲಿಲ್ಲ. ಹೋಟೆಲಿನವರು ಓದಿದರು, ತಮ್ಮಲ್ಲಿ ಇಳಿದುಕೊಳ್ಳದವರೆಲ್ಲ ಹೊರಗಿನವರೇ ಎಂದು ಕುರ್ಚಿ ತಂದು ಹಾಕಿದರು.

“ಅದು... ಜಾಗ ಉಳಿದಿತ್ತು ಅಂತ ಬರೆದೆ ಕಣಯ್ಯ,” ಎಂದ ತಲೆ ಕೆರೆದುಕೊಳ್ಳುತ್ತ.

“ಇರಬಹುದು. ಆದ್ರೆ ಬರೆದಿದೆಯಲ್ಲ?” ಎಂದ ವಾಚ್‌ಮನ್.

ಅಕ್ಕ ಕೋಲೂರಿ ನಿಂತಿದ್ದಳು. “ಹೋಗ್ಲಿ ಬಿಡೋ. ಇಲ್ಲಿಂದ್ಲೇ ಸದ್ದು ಕೇಳಿಸ್ತಿದೆಯಲ್ಲ, ಸಾಕು,” ಎಂದಳು.

ಆ ‘ಸಾಕು’ ಅವನಿಗೆ ಸಾಕಾಗಲಿಲ್ಲ. ಸ್ಕೂಟರಿನ ಡಿಕ್ಕಿಯಿಂದ ನೀಲಿ ಬಣ್ಣದ ಡಬ್ಬಿ, ಬ್ರಷ್ಷು ತೆಗೆದ. ಅವನು ಬರೆದ ಅಕ್ಷರಗಳಲ್ಲೇ ಚೆಂದದವು ಆ ಕೆಳಗಿನ ಸಾಲಿನವು. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಇಡೀ ಸಾಲನ್ನು ಬಳಿದುಹಾಕಿದ.

ವಾಚ್‌ಮನ್ ಎದ್ದು, ಬೋರ್ಡನ್ನು ಮತ್ತೊಮ್ಮೆ ಓದಿ, ಕುರ್ಚಿಯನ್ನು ಪಕ್ಕಕ್ಕೆಳೆದ. “ಹೋಗಿ ಅಮ್ಮಾ. ಈಗ ಬೋರ್ಡೇ ಹೋಗಿ ಅಂತಿದೆ.”

ನೀರು ಬಂದು ಅಕ್ಕನ ಪಾದ ಮುಚ್ಚಿತು. ಕಾಲಡಿಯ ಮರಳು ಜಾರಿದಾಗ ತಮ್ಮನ ತೋಳು ಹಿಡಿದು ಚಿಕ್ಕ ಹುಡುಗಿಯ ಹಾಗೆ ಕಿರುಚಿದಳು. ಅವನೂ ಜೋರಾಗಿ ನಕ್ಕ.

“ಪುಣ್ಯವಂತ ಕಣೋ ನೀನು. ದಿನಾ ಬರ್ತೀಯ ಅನ್ನು.”

“ಎಲ್ಲಿ ಅಕ್ಕಾ! ಆ ಮೆಟ್ಟಿಲು ಇಳಿಯೋಕೆ ಸೋಮಾರಿತನ. ಈ ಓಣಿ ಮುಚ್ಚಿದೆ ಅಂತ ಜನ ಅಂದ್ರು, ನಾನೂ ನಂಬ್ಕೊಂಡು ಕೂತೆ. ಕಾಲು ನೆನೆಸಿ ಎಷ್ಟು ವರ್ಷ ಆಯ್ತೋ.”

ಅಕ್ಕ ಅವನ ಮುಖ ನೋಡಿದಳು. ಈ ಸಲ ಅವಳು ಗೇಲಿ ಮಾಡಲಿಲ್ಲ. ಅವನ ತೋಳು ಬಿಡದೆ, ಇನ್ನೊಂದು ಹೆಜ್ಜೆ ನೀರಿನೊಳಕ್ಕೆ ಎಳೆದುಕೊಂಡಳು.