ಗಿಯರ್ ಮಾಸ್ಟರ್ ಬಾಯಲ್ಲಿ ಬಾರದ ಉತ್ತರ

ನನ್ನ ಗಂಡನ ಬಾಯಿಗೂ ಬೀಗವಿಲ್ಲ, ಫೋನಿಗೂ ಇರಲಿಲ್ಲ. ಹಾಕಿಕೊಳ್ಳಿ ಎಂದರೆ, "ನನ್ನ ಫೋನಿಗೆ ನಾನೇ ಬೀಗ ಹಾಕಿ, ನಾನೇ ಬಾಗಿಲು ಬಡೀತಾ ನಿಲ್ಲಬೇಕಾ?" ಎಂದು ಕೇಳುವ ಮನುಷ್ಯ. ನಾವಿಬ್ಬರೂ ಸೇರಿ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತೇವೆ. ಗಂಡಸರಿಗೆ ಅವರು ಕಲಿಸುತ್ತಾರೆ, ಹೆಂಗಸರಿಗೆ ನಾನು. ಊರಿಗೆಲ್ಲ ಅವರು ಗಿಯರ್ ಮಾಸ್ಟರ್. ನಾನು ಗಿಯರ್ ಮಾಸ್ಟರ್ ಹೆಂಡತಿ. ನನಗೆ ಸಿಕ್ಕಿರುವ ಬಿರುದು ಅಷ್ಟೇ.

ಇಂಟರ್ನೆಟ್ಟಿನಲ್ಲಿ ನಮ್ಮ ಸ್ಕೂಲಿನದೊಂದು ಪೇಜಿದೆ. ಅದರ ತುಂಬ ಇವರ ಪಾಠದ ವಿಡಿಯೋಗಳು. "ನೋಡಿ ಸ್ನೇಹಿತರೇ, ಗಿಯರ್ ಜೊತೆ ಜಗಳ ಆಡಬಾರದು, ಮಾತಾಡಬೇಕು" ಎಂದು ಶುರುವಾದರೆ ನಿಲ್ಲುವುದಿಲ್ಲ. ಧ್ವನಿಯೆಲ್ಲ ಇವರದೇ. ಆದರೆ ಎರಡು ಕಾರುಗಳ ನಡುವಿನ ಇಕ್ಕಟ್ಟಿಗೆ ಗಾಡಿಯನ್ನು ರಿವರ್ಸ್‌ನಲ್ಲಿ ತೂರಿಸುವ ಪಾಠ ಬಂದಾಗ ಸ್ವಲ್ಪ ಗಮನಿಸಿ. ಕ್ಯಾಮೆರಾ ಬರೀ ಚಕ್ರ ತೋರಿಸುತ್ತದೆ. ಯಾಕೆಂದರೆ ಆಗ ಸ್ಟೀರಿಂಗ್ ಹಿಡಿದಿರುವವಳು ನಾನು. ಒಮ್ಮೆ ತಾವೇ ಓಡಿಸಲು ಹೋಗಿ ಗುರುತಿಗೆ ಇಟ್ಟಿದ್ದ ಪ್ಲಾಸ್ಟಿಕ್ ಕೋನ್ ಒಂದನ್ನು ಕಾರಿನಡಿ ಎಳೆದುಕೊಂಡು ಬೀದಿಯ ಕೊನೆಯವರೆಗೂ ಹೋಗಿದ್ದರು. ಅಂದಿನಿಂದ ಇದೇ ಏರ್ಪಾಡು. ಕೆಳಗೆ ಜನ "ಮಾಸ್ಟರ್, ಏನು ಕೈಚಳಕ ನಿಮ್ಮದು!" ಎಂದು ಬರೆಯುತ್ತಾರೆ. ಈ ಮಹಾನುಭಾವರು ಅದನ್ನು ನನಗೇ ಓದಿ ಹೇಳುತ್ತಾರೆ! ಹೊಟ್ಟೆ ಉರಿಯಬೇಕೋ ಬೇಡವೋ ನೀವೇ ಹೇಳಿ.

ನಮ್ಮ ಮಗಳಿಗೆ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಮೋಸಗಾರರನ್ನು ಹೊರಗಿಡುವುದೇ ಅವಳ ದುಡಿಮೆ. ಒಂದು ರಜೆಯ ದಿನ ಬಂದವಳು ಅಪ್ಪನ ಫೋನ್ ನೋಡಿ ತಲೆ ಮೇಲೆ ಕೈ ಹೊತ್ತು ಕುಳಿತಳು. ಪೇಜಿನ ಪಾಸ್‌ವರ್ಡ್ ನಮ್ಮ ಕಾರಿನ ನಂಬರು. ಆ ಕಾರು ಪ್ರತಿಯೊಂದು ವಿಡಿಯೋದಲ್ಲೂ ಇದೆ, ನಂಬರ್ ಪ್ಲೇಟ್ ಸಮೇತ.

"ಅಪ್ಪ, ಇದು ಬೀಗದ ಕೈಯನ್ನ ಬಾಗಿಲಿಗೇ ನೇತುಹಾಕಿದ ಹಾಗಾಯ್ತು," ಎಂದಳು.

ಪಾಸ್‌ವರ್ಡ್ ಬದಲಾಯಿಸಿದಳು. ಹೊಸ ಜಾಗದಿಂದ ಯಾರಾದರೂ ಪೇಜಿನೊಳಗೆ ಹೋಗಲು ನೋಡಿದರೆ ಪಾಸ್‌ವರ್ಡಿನ ಜೊತೆ ಒಂದು ಕೋಡನ್ನೂ ಕೇಳುವಂತೆ ಮಾಡಿದಳು. ಕೋಡ್ ಯಾರ ಫೋನಿಗೆ ಬರಬೇಕು ಎಂಬ ಮಾತು ಬಂತು.

"ನನ್ನ ಫೋನಿಗೆ ಬರಲಿ. ಪೇಜು ನಂದು," ಎಂದರು ಇವರು.

"ಬೇಡ. ಯಾರಾದ್ರೂ ಚೆನ್ನಾಗಿ ಮಾತಾಡಿ ಕೇಳಿದ್ರೆ ನೀನು ಕೊಟ್ಟುಬಿಡ್ತೀಯ. ಅಮ್ಮನ ಫೋನಿಗೆ ಬರಲಿ. ಅಮ್ಮ ಯಾರಿಗೂ ಏನೂ ಸುಲಭವಾಗಿ ಕೊಡಲ್ಲ."

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಅಲ್ಲಿಗೂ ಅವಳು ನಿಲ್ಲಿಸಲಿಲ್ಲ. ಈಗಿನ ಕಳ್ಳರು ವಿಡಿಯೋದಲ್ಲಿರುವ ಧ್ವನಿಯನ್ನು ಎತ್ತಿಕೊಂಡು, ಅದೇ ಧ್ವನಿಯಲ್ಲಿ ಮನೆಯವರಿಗೆ ಫೋನ್ ಮಾಡಿಸುತ್ತಾರಂತೆ. ಇವರ ಧ್ವನಿಯಂತೂ ರಾಶಿ ರಾಶಿ ಬಿದ್ದಿದೆ. ಹಾಗಾಗಿ ನಮ್ಮ ಮೂವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ, ಅದಕ್ಕೊಂದು ಉತ್ತರ ಇರಬೇಕು. ಉತ್ತರ ಸರಿಯಿದ್ದರಷ್ಟೇ ಕೋಡು.

"ಆದ್ರೆ ಉತ್ತರ ನಿಜ ಆಗಿರಬಾರದು," ಎಂದಳು. "ನಿಜವನ್ನ ಯಾರು ಬೇಕಾದ್ರೂ ಕೆದಕಿ ತೆಗೀಬಹುದು. ಸುಳ್ಳಾಗಿರಬೇಕು. ಅದೂ ಅಪ್ಪ ಜನ್ಮದಲ್ಲಿ ಹೇಳದೇ ಇರುವಂಥ ಸುಳ್ಳು."

ಇವರು ಗಡ್ಡ ಕೆರೆದುಕೊಂಡರು. ಮುಖ ಅರಳಿತು. "ಸಿಕ್ತು! ಪ್ರಶ್ನೆ, ನಮ್ಮಿಬ್ಬರಲ್ಲಿ ಗಾಡಿ ಚೆನ್ನಾಗಿ ಓಡಿಸೋರು ಯಾರು? ಉತ್ತರ, ನನ್ನ ಹೆಂಡತಿ! ಯಾವ ಕಳ್ಳನ ತಲೆಗೂ ಹೊಳೆಯಲ್ಲ ಬಿಡು!"

ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೂ ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನೋವೂ ಆಯಿತು, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದೆ.

ಇದಾದ ಮೇಲೆ ಒಂದು ಬೆಳಿಗ್ಗೆ ಇವರು ಕಲಿಯುವವರನ್ನು ಕರೆದುಕೊಂಡು ಲೈಸೆನ್ಸ್ ಪರೀಕ್ಷೆಯ ಮೈದಾನಕ್ಕೆ ಹೋದರು. ನಾನು ಆಫೀಸಿನಲ್ಲಿದ್ದೆ. ಆಫೀಸೆಂದರೆ ಒಂದೇ ಕೋಣೆ. ಗೋಡೆಗೆ ರಸ್ತೆ ಚಿಹ್ನೆಗಳ ಚಾರ್ಟು, ಮೂಲೆಯಲ್ಲಿ ಅಭ್ಯಾಸಕ್ಕೆಂದು ಸ್ಟೂಲಿಗೆ ಬಿಗಿದ ಹಳೇ ಸ್ಟೀರಿಂಗು, ಮೇಜಿನ ಮೇಲೆ ಆರಿದ ಚಹಾ. ಫೋನಿಗೆ ಕೋಡ್ ಬಂತು. ನಾನು ಕೇಳಿರಲಿಲ್ಲ. ಹುಬ್ಬೇರಿಸುವಷ್ಟರಲ್ಲಿ ಫೋನೇ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ನಾನು ಕಣೇ! ನನ್ನ ಫೋನ್ ಕೆಟ್ಟಿದೆ, ಬೇರೆಯವರದ್ರಿಂದ ಮಾಡ್ತಿದ್ದೀನಿ. ನಿನ್ನ ಫೋನಿಗೊಂದು ಕೋಡ್ ಬಂದಿರುತ್ತೆ, ಬೇಗ ಓದು."

ಇವರದೇ ಧ್ವನಿ. ಆ 'ಕಣೇ' ಕೂಡ ಇವರದೇ. ವಿಡಿಯೋಗಳಲ್ಲಿ "ಎಡಕ್ಕೆ ಕಣೇ, ಎಡಕ್ಕೆ!" ಎಂದು ಕಿರುಚುವುದನ್ನು ಲೋಕವೆಲ್ಲ ಕೇಳಿದೆ ಎಂಬುದು ಆಗ ನನಗೆ ನೆನಪಾಗಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು, "ನಾಲ್ಕು..." ಎಂದೆ. ಅಷ್ಟರಲ್ಲಿ ಮಗಳ ಮುಖ ಕಣ್ಣ ಮುಂದೆ ಬಂತು. ನಾಲಿಗೆ ಕಚ್ಚಿಕೊಂಡೆ.

"ಮೊದಲು ಪ್ರಶ್ನೆಗೆ ಉತ್ತರ ಹೇಳಿ," ಎಂದೆ. "ನಮ್ಮಿಬ್ಬರಲ್ಲಿ ಗಾಡಿ ಚೆನ್ನಾಗಿ ಓಡಿಸೋರು ಯಾರು?"

"ಇದೂ ಒಂದು ಪ್ರಶ್ನೆನಾ? ನಾನೇ! ಕೋಡ್ ಹೇಳು."

ಅಯ್ಯೋ ದೇವರೇ, ಇದು ಇವರೇ! ಬೇರೆ ಯಾರು ಹೀಗೆ ಎದೆ ಉಬ್ಬಿಸಿ ಹೇಳಲು ಸಾಧ್ಯ? ಉತ್ತರ ತಪ್ಪು, ಆದರೆ ಗಂಡ ನನ್ನವನೇ ಅನ್ನಿಸಿತು. ಇವರಿಗೆ ಪ್ರಶ್ನೆಯೇ ಮರೆತುಹೋಗಿರಬಹುದು. ಎರಡನೇ ಅಂಕಿ ತುಟಿಯವರೆಗೆ ಬಂದಿತ್ತು. ಆದರೂ ಹೇಳಲಿಲ್ಲ. ನಿಯಮದ ಮೇಲಿನ ಭಕ್ತಿಯಿಂದಲ್ಲ. 'ನಾನೇ' ಎಂದ ಆ ಜಂಬಕ್ಕೆ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಫೋನ್ ಕುಕ್ಕಿಬಿಟ್ಟೆ.

ಕೂಡಲೇ ಇವರ ನಂಬರಿಗೆ ಮಾಡಿದೆ. ಸ್ವಿಚ್ ಆಫ್. ಮಗಳಿಗೆ ಮಾಡಿದೆ. ಅವಳು ಕೆಲಸದ ಹೊತ್ತಿನಲ್ಲಿ ಫೋನನ್ನು ಹೊರಗಿನ ಲಾಕರಿನಲ್ಲಿಟ್ಟು ಒಳಗೆ ಹೋಗುತ್ತಾಳೆ, ಉತ್ತರವಿಲ್ಲ. ವಿಡಿಯೋ ಹಾಳಾಗಿ ಹೋಗಲಿ. ಆ ಪೇಜಿನೊಳಗೇ ಕಲಿಯುವವರ ಅರ್ಜಿಗಳೆಲ್ಲ ಇವೆ. ನನ್ನ ಹತ್ತಿರ ಬರುವ ಹೆಂಗಸರ ಫೋಟೋ, ಮನೆ ವಿಳಾಸ, ಫೋನ್ ನಂಬರು, ಯಾರು ಯಾವ ಹೊತ್ತಿಗೆ ಮನೆಯಿಂದ ಹೊರಡುತ್ತಾರೆ ಎಂಬುದು ಕೂಡ. ಗಂಡನಿಗೂ ಹೇಳದೆ ಕಲಿಯಲು ಬರುವವರಿದ್ದಾರೆ. ನನ್ನ ಮುಖ ನೋಡಿ ನಂಬಿ ಕೊಟ್ಟದ್ದು ಅದು. ಕಳ್ಳನ ಕೈಗೆ ಸಿಕ್ಕರೆ ನಾನು ಯಾವ ಮುಖ ಹೊತ್ತು ಅವರ ಪಕ್ಕದ ಸೀಟಿನಲ್ಲಿ ಕೂರಲಿ?

ಮತ್ತೆ ಫೋನು. ಇನ್ನೊಂದು ಗೊತ್ತಿಲ್ಲದ ನಂಬರು.

"ಏ, ನಾನು ಕಣೇ! ಕೋಡ್ ಬರುತ್ತೆ ಈಗ, ಬೇಗ ಓದು!"

ಅದೇ ಧ್ವನಿ, ಅದೇ ಮಾತು.

"ಯಾರು ನೀವು?" ಎಂದೆ.

"ನಾನು ಯಾರಾ? ತಲೆ ಕೆಟ್ಟಿದೆಯಾ ನಿಂಗೆ? ಬೆಳಿಗ್ಗೆ ಒಂದು ಮೆಸೇಜ್ ಬಂದಿತ್ತು, ನಿಮ್ಮ ಪೇಜ್ ಮುಚ್ಚಿಹೋಗುತ್ತೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಹಾಕಿ ಅಂತ. ಹಾಕಿಬಿಟ್ಟೆ ಕಣೇ! ಮೋಸ ಅಂತೆ! ಬ್ರೇಕ್ ಮಾಸ್ಟರ್‌ಗೂ ಬಂದಿತ್ತಂತೆ, ಅವನು ಅಳಿಸಿಹಾಕಿದನಂತೆ. ಅವನ ಫೋನಿಂದಲೇ ಮಾಡ್ತಿದ್ದೀನಿ. ಪಾಸ್‌ವರ್ಡ್ ಬದಲಾಯಿಸಬೇಕು."

ಬ್ರೇಕ್ ಮಾಸ್ಟರ್ ಎಂದರೆ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನವರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇವರು ಹೋಗಿ ಅವರ ಫೋನ್ ಬೇಡುವುದೆಂದರೆ!

"ನಿಮ್ಮ ಫೋನ್‌ಗೇನಾಯ್ತು?"

"ಬ್ಯಾಟರಿ ಖಾಲಿ."

"ಬೆಳಿಗ್ಗೆ ತುಂಬಿತ್ತಲ್ಲ?"

"ಅದೆಲ್ಲ ಆಮೇಲೆ ಕಣೇ!" ಎಂದರು. ದಾರಿಯುದ್ದಕ್ಕೂ ತಮ್ಮ ವಿಡಿಯೋ ತಾವೇ ನೋಡಿಕೊಂಡು ಹೋಗಿದ್ದಾರೆ ಎಂದು ನನಗೆ ಗೊತ್ತಾಗಿಹೋಯಿತು. ಆದರೆ ನಿಯಮ ನಿಯಮವೇ. ಪ್ರಶ್ನೆ ಕೇಳಿದೆ.

ಅತ್ತ ಕಡೆ ಕಾರಿನ ಸದ್ದು, ಜನರ ಗುಜುಗುಜು.

"ಆ ಪ್ರಶ್ನೆ ಬೇಡ ಕಣೇ," ಎಂದರು ಸಣ್ಣ ದನಿಯಲ್ಲಿ. "ಇವನ ದರಿದ್ರ ಫೋನು ಕಿವಿಗಿಟ್ಟರೆ ಕೇಳಿಸಲ್ಲ. ಸ್ಪೀಕರ್‌ನಲ್ಲಿದೆ. ಎಲ್ಲರೂ ಸುತ್ತ ನಿಂತಿದ್ದಾರೆ. ಪರೀಕ್ಷೆ ಮಾಡೋ ಇನ್‌ಸ್ಪೆಕ್ಟರ್ ಕೂಡ ಇದ್ದಾರೆ. ಬೇರೆ ಏನಾದ್ರೂ ಕೇಳು. ನಿನ್ನ ಚಪ್ಪಲಿ ಸೈಜ್ ಹೇಳಲಾ?"

ಆಗ ನನ್ನ ಜೀವ ತಣ್ಣಗಾಯಿತು. ಕಳ್ಳ ಥಟ್ಟನೆ ಉತ್ತರ ಕೊಟ್ಟಿದ್ದ. ಆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡು ಇಷ್ಟು ಒದ್ದಾಡುವ ಪ್ರಾಣಿ ಭೂಮಿಯ ಮೇಲೆ ಒಂದೇ. ಇವರೇ ಇವರು, ಅನುಮಾನವೇ ಇಲ್ಲ. ಹಾಗಿದ್ದರೆ ಕೋಡ್ ಓದಬಹುದಿತ್ತಲ್ಲ ಎನ್ನುತ್ತೀರಾ? ಓದಬಹುದಿತ್ತು. ಆದರೆ ಉತ್ತರ ಬಾರದೆ ಕೋಡ್ ಕೊಡಬಾರದು ಎಂದು ಮಗಳು ಹೇಳಿದ್ದಳು. ತಾಯಿಯಾದವಳು ಮಗಳ ಮಾತು ಕೇಳಬೇಡವೇ?

"ನಿಯಮ ಅಂದ್ರೆ ನಿಯಮ ರೀ," ಎಂದೆ. "ಈಗಷ್ಟೇ ಒಬ್ಬ ನಿಮ್ಮದೇ ಧ್ವನಿಯಲ್ಲಿ ಕೇಳಿದ್ದಾನೆ. ಅವನು ಇನ್ನೂ ಬಾಗಿಲು ತಟ್ತಾನೇ ಇದ್ದಾನೆ. ತಡ ಮಾಡಿದಷ್ಟೂ ನಿಮಗೇ ಕಷ್ಟ."

"ಹೇಳಿ ಮಾಸ್ಟರ್, ಹೇಳಿ! ಏನದು ಅಂಥ ಗುಟ್ಟು?" ಬ್ರೇಕ್ ಮಾಸ್ಟರ್ ದನಿ ಕೇಳಿಸಿತು. ಆ ಪುಣ್ಯಾತ್ಮನಿಗೆ ಕುತೂಹಲ ತಡೆಯಲಾಗಿರಲಿಲ್ಲ.

ಇವರು ಕೆಮ್ಮಿದರು. "ನೀನು," ಎಂದು ಗೊಣಗಿದರು.

"ಏನಂದ್ರಿ? ಕೇಳಿಸ್ಲಿಲ್ಲ."

"ನೀನು ಅಂದೆ!"

"ನಾನು ಏನು? ಪೂರ್ತಿ ಉತ್ತರ ಬೇಕು ರೀ. ಅರ್ಧಂಬರ್ಧ ಹೇಳಿದ್ರೆ ಕಳ್ಳನೋ ಗಂಡನೋ ನನಗೆ ಹೇಗೆ ಗೊತ್ತಾಗಬೇಕು?"

ಉಸಿರು ಎಳೆದುಕೊಂಡ ಸದ್ದು ಬಂತು. ಆಮೇಲೆ ಮೈದಾನದ ಗೋಡೆಗಳು ಅದುರುವ ಹಾಗೆ ಕೂಗಿದರು: "ನನ್ನ ಹೆಂಡತಿ! ನನ್ನ ಹೆಂಡತಿ ನನಗಿಂತ ಚೆನ್ನಾಗಿ ಗಾಡಿ ಓಡಿಸ್ತಾಳೆ! ಸಾಕಾ?"

ಮರುಕ್ಷಣ ಚಪ್ಪಾಳೆ! ಶಿಳ್ಳೆ ಕೂಡ ಬಿತ್ತು. ಯಾರೋ ಹಾರ್ನ್ ಒತ್ತಿದರು. ನಾನು ಮೂಲೆಯ ಸ್ಟೀರಿಂಗ್ ಹಿಡಿದುಕೊಂಡು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ನಗುವಿನದೂ ಇತ್ತು, ಬರೀ ನಗುವಿನದಲ್ಲ. ಅದು ಹೇಳಿಕೊಟ್ಟ ಉತ್ತರ ಎಂದು ಗೊತ್ತಿದ್ದರೂ ಕಿವಿಗೆ ಎಷ್ಟು ಹಿತವಾಗಿತ್ತು!

"ಈಗ ಬಂದ ಕೋಡ್ ಬರ್ಕೊಳ್ಳಿ," ಎಂದು ಒಂದೊಂದೇ ಅಂಕಿ ಬಿಡಿಸಿ ಓದಿದೆ. ಸ್ವಲ್ಪ ಹೊತ್ತಿಗೆ, "ಬದಲಾಯ್ತು. ಉಳಿದವರನ್ನೆಲ್ಲ ಹೊರಗೆ ಹಾಕಿದೆ," ಎಂಬ ಮಾತು ಬಂತು. ಫೋನಿಗೆ ಮತ್ತೆ ಕೋಡ್ ಬರಲಿಲ್ಲ. ನನ್ನ ಹೆಂಗಸರ ವಿಳಾಸಗಳು ಉಳಿದವು.

ಸಂಜೆ ಮಗಳು ಓಡಿಬಂದಳು. ಬಂದವಳೇ ಅಪ್ಪನಿಗೆ ಮಂಗಳಾರತಿ ಎತ್ತಿದಳು. ಹೆದರಿಸಿ ಅವಸರ ಮಾಡುವ ಮೆಸೇಜನ್ನು ಒತ್ತಲೇಬಾರದು, ಪೇಜಿಗೆ ಹೋಗಬೇಕಾದರೆ ನೇರವಾಗಿ ನಾವೇ ಹೋಗಬೇಕು ಎಂದು ಹೇಳಿಸಿ ಕಲಿಸಿದಳು. ಬ್ರೇಕ್ ಮಾಸ್ಟರ್ ಫೋನಿನಲ್ಲಿ ತೆರೆದಿದ್ದ ಪೇಜನ್ನು ಇವರು ಹಾಗೆಯೇ ಬಿಟ್ಟುಬಂದಿದ್ದರು, ಅದನ್ನು ಇಲ್ಲಿಂದಲೇ ಮುಚ್ಚಿದಳು. ಅಪ್ಪನ ಫೋನಿಗೂ ಬೀಗ ಬಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಅಂಕಿ ಯಾಕೆ ಹೇಳಿದೆ?" ಎಂದು ನನಗೂ ಒಂದು ಪಾಲು ಕೊಟ್ಟಳು. ತೆಪ್ಪಗೆ ಹೊಟ್ಟೆಗೆ ಹಾಕಿಕೊಂಡೆ.

ಊಟಕ್ಕೆ ಕುಳಿತಾಗ ಇವರು ಅನ್ನ ಕಲಸುತ್ತಲೇ ಇದ್ದರು. ಮಧ್ಯಾಹ್ನದಿಂದ ಇವರಿಗೆ ಫೋನ್ ಮಾಡಿದವರೆಲ್ಲ, "ನೀವಲ್ಲ ಮಾಸ್ಟರ್, ದೊಡ್ಡ ಮಾಸ್ಟರ್ ಬೇಕಿತ್ತು, ನಿಮ್ಮ ಹೆಂಡತಿ" ಎಂದು ಛೇಡಿಸುತ್ತಿದ್ದರು.

"ಆ ಪ್ರಶ್ನೆ ಇನ್ನು ಕೆಲಸಕ್ಕೆ ಬರಲ್ಲ," ಎಂದಳು ಮಗಳು. "ಉತ್ತರ ಊರಿಗೆಲ್ಲ ಗೊತ್ತಾಯ್ತು. ಹೊಸದು ಬೇಕು."

"ಊರಿಗೆ ಗೊತ್ತಾಗದಿದ್ರೂ ಬದಲಾಯಿಸಬೇಕಿತ್ತು," ಎಂದರು ಇವರು, ತಟ್ಟೆಯಿಂದ ತಲೆಯೆತ್ತದೆ.

"ಯಾಕಪ್ಪ?"

"ಉತ್ತರ ಸುಳ್ಳಾಗಿರಬೇಕು ಅಂತ ನೀನೇ ಹೇಳಿದ್ದೆ ಅಲ್ವಾ?" ಇವರು ನೀರಿನ ಲೋಟ ಎತ್ತಿಕೊಂಡರು. "ಅದು ಮೊದಲಿಂದಲೂ ನಿನ್ನ ನಿಯಮಕ್ಕೆ ಹೊಂದ್ತಿರಲಿಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಸೌಟು ಕೆಳಗಿಟ್ಟೆ.

"ಏನಂದ್ರಿ?" ಎಂದೆ. "ಕೇಳಿಸ್ಲಿಲ್ಲ."

"ಕೇಳಿಸಿದೆ ಕಣೇ ನಿಂಗೆ," ಎಂದರು ಗಿಯರ್ ಮಾಸ್ಟರ್. "ನಾಳೆ ವಿಡಿಯೋ ತೆಗೆಯುವಾಗ ಕಿಟಕಿ ಗಾಜು ಇಳಿಸಿಕೋ. ಮುಖ ಕಾಣಬೇಕು."