ಡ್ರೈವರನ ಫೋನಿನಲ್ಲಿದ್ದ ಹಾಡು

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ತಿರುಗುತ್ತದೋ ಇಲ್ಲವೋ ಎಂದು ಎರಡೂ ತೋಳು ಚಾಚಿ ಅಳೆದು ಬಂದ ವ್ಯಾನಿನ ಡ್ರೈವರ್, ಮೂರನೇ ಮಹಡಿಯ ಹೊಸ್ತಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಾಗಲೇ ಅವನ ಜೇಬಿನಲ್ಲಿದ್ದ ಫೋನು ಹಾಡತೊಡಗಿತು. ಸಾವಿನ ಮನೆಯಲ್ಲಿ ಹಾಡು! ಅವನು ನಾಲಿಗೆ ಕಚ್ಚಿಕೊಂಡು ಜೇಬಿಗೆ ಕೈ ಹಾಕಿದ. ಹಾಳಾದ ಫೋನು ಕರವಸ್ತ್ರದಲ್ಲಿ ಸಿಕ್ಕಿಕೊಂಡು ಈಚೆ ಬರಲೊಲ್ಲದು.

"ತಪ್ಪಾಯ್ತಮ್ಮ. ನನ್ನ ಮಗಳು ನಿನ್ನೆ ಹಾಕಿಕೊಟ್ಟಿದ್ದು. ಆಫ್ ಮಾಡಿಬಿಡ್ತೀನಿ."

"ಬೇಡ," ಎಂದಳು ಗಂಡನ ತಲೆಯ ಪಕ್ಕದಲ್ಲಿ ಕೂತಿದ್ದ ಹೆಂಗಸು. ನಿನ್ನೆ ಬೆಳಗಿನಿಂದ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು. "ಇನ್ನೊಂದ್ಸಲ ಹಾಕಪ್ಪ."

ಹೋದವನು ಲಿಫ್ಟ್ ರಿಪೇರಿಯವನು. ಬೀದಿಯವರಿಗೆಲ್ಲ ಲಿಫ್ಟಪ್ಪ, ಅವನ ಸ್ವಂತ ಹೆಸರು ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತಿತ್ತು. ಊರ ಲಿಫ್ಟುಗಳನ್ನೆಲ್ಲ ಸರಿಮಾಡಿದ ಅವನು ವಾಸವಿದ್ದ ಕಟ್ಟಡಕ್ಕೇ ಲಿಫ್ಟ್ ಇರಲಿಲ್ಲ ಎನ್ನುವುದು ಮೂವತ್ತೊಂದು ವರ್ಷದ ಹಳೇ ಜೋಕು. ಹೇಳಿದವರಿಗಿಂತ ಜೋರಾಗಿ ಅವನೇ ನಗುತ್ತಿದ್ದ.

ಡ್ರೈವರ್ ಅಂಜುತ್ತಲೇ ಮತ್ತೆ ಹಾಡು ಹಾಕಿದ. ಹಾಡಿನ ಮಾತು ಶುರುವಾಗುವ ಮೊದಲು ಬರೀ ತಾಳ. ನಾಲ್ಕು ಬಡಿತ, ಒಂದು ತಡೆ, ಝಣ್ ಎಂದು ಏನೋ ಕಬ್ಬಿಣದ ಸದ್ದು, ಮತ್ತೆ ನಾಲ್ಕು ಬಡಿತ. ಅವಳು ಮೈಯೆಲ್ಲ ಕಿವಿಯಾಗಿ ಕೇಳಿದಳು.

"ಇದು ಇವರದ್ದು," ಎಂದಳು.

"ಯಾರದ್ದೇ?" ಲಿಫ್ಟಪ್ಪನ ಅಕ್ಕ ಹತ್ತಿರ ಸರಿದಳು. "ಹಾಡಿಗೂ ನನ್ನ ತಮ್ಮನಿಗೂ ಎಣ್ಣೆ ಸೀಗೇಕಾಯಿ. ಅವನು ಬಾಯ್ತೆರೆದ್ರೆ ಪಕ್ಕದ ಮನೆಯವ್ರು ಕಿಟಕಿ ಹಾಕ್ಕೊಳ್ತಿದ್ರು."

ಲಿಫ್ಟಪ್ಪನ ಮಗಳು ತನ್ನ ಫೋನಿನಲ್ಲಿ ಹುಡುಕಿ ತೋರಿಸಿದಳು. "ಅಮ್ಮ, ಇದು ಹೋದ ವಾರ ಬಂದ ಹಾಡು. ಅಪ್ಪ ಇದನ್ನ ಕೇಳಿರೋಕೂ ಸಾಧ್ಯ ಇಲ್ಲ."

"ಹಾಡಲ್ಲ ಕಣೇ. ಹಾಡಿನೊಳಗೆ ಏನೋ ಇದೆ, ಅದು ಇವರದ್ದು. ನಾಲಿಗೆ ತುದೀಲೇ ಇದೆ, ಬರ್ತಿಲ್ಲ." ಅವಳು ಬಿಳಿ ಹೊದಿಕೆಯ ಅಂಚನ್ನು ಸರಿಪಡಿಸಿದಳು. "ಅದೇನು ಅಂತ ಗೊತ್ತಾಗದೆ ಇವರನ್ನ ಹೇಗೆ ಕಳಿಸಲಿ?"

ವ್ಯಾನು ಹೊರಡಬೇಕಾದದ್ದು ಮೂರಕ್ಕೆ. ಆಗ ಎರಡು ಗಂಟೆ ಹತ್ತು ನಿಮಿಷ.

ಬಂದವರು ತಮಗೆ ತೋಚಿದ್ದನ್ನು ಹೇಳಿದರು. ಮದುವೆಯ ಬ್ಯಾಂಡಿರಬೇಕು ಎಂದಳು ಅಕ್ಕ. ಹೊಲಿಗೆ ಯಂತ್ರದ ಹಾಗಿದೆ ಎಂದರು ಎದುರುಮನೆಯ ದರ್ಜಿ. ಅವರಿಗೆ ಮಳೆ ಬಂದರೂ ಹೊಲಿಗೆ ಯಂತ್ರದ ಹಾಗೇ ಕೇಳುತ್ತದೆ. ಅವಳು ಎಲ್ಲದಕ್ಕೂ ತಲೆಯಾಡಿಸಿ ಅಲ್ಲ ಎಂದಳು.

ಕೆದಕುತ್ತ ಕೆದಕುತ್ತ ಮಾತು ಹಾಡು ಬಿಟ್ಟು ಅವನ ಕಡೆಗೇ ಹರಿಯಿತು. "ಒಂದ್ಸಲ ಲಿಫ್ಟ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದೆ," ಎಂದರು ದರ್ಜಿ. "ಕತ್ತಲು. ಎದೆ ಡವಡವ. ಇವ್ರು ಬಂದು ಬಾಗಿಲಾಚೆ ನಿಂತು ಕೆಲಸ ಮಾಡ್ತಾ ಮಾಡ್ತಾನೇ, 'ಸ್ವಾಮಿ, ಅಂಗಿಗೆ ಕಾಲರ್ ಕೂರಿಸೋದು ಹೇಗೆ?' ಅಂದ್ರು. ಹೇಳಿದೆ. 'ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ.' ಹೇಳಿದೆ. ಮುಕ್ಕಾಲು ಗಂಟೆ! ಇಷ್ಟು ದಡ್ಡ ಹೇಗಪ್ಪ ಲಿಫ್ಟ್ ರಿಪೇರಿ ಮಾಡ್ತಾನೆ ಅಂತ ಬೈಕೊಳ್ತಿದ್ದೆ, ಅಷ್ಟರಲ್ಲಿ ಬಾಗಿಲು ತೆಗೀತು. ಹೆದರೋಕೆ ಪುರುಸೊತ್ತೇ ಕೊಡ್ಲಿಲ್ಲ ಪುಣ್ಯಾತ್ಮ."

"ರಿಪೇರಿ ಮುಗಿದ ಮೇಲೆ ಮೊದಲು ತಾನೊಬ್ಬನೇ ಹತ್ತಿ ಮೂರು ಸಲ ಮೇಲೆ ಕೆಳಗೆ ಓಡಾಡ್ತಿದ್ದನಂತೆ," ಎಂದಳು ಅಕ್ಕ. "ಬಿದ್ರೆ ನಾನು ಬೀಳ್ತೀನಿ, ಆಮೇಲೆ ಜನ ಹತ್ಲಿ ಅಂತ." ಅವಳಿಗೆ ಹೆಮ್ಮೆಯೂ ಸಿಟ್ಟೂ ಒಟ್ಟಿಗೇ ಬಂತು. "ಆ ಉದ್ದಣ್ಣ ಎಲ್ಲಿ? ಇಪ್ಪತ್ತು ವರ್ಷ ಜೊತೇಲಿ ದುಡಿದವನು, ಇವತ್ತೂ ಕೆಲಸಕ್ಕೆ ಹೋಗಿದ್ದಾನಲ್ಲ!"

"ಇವರೇ ಕಳಿಸಿದ್ದು ಅತ್ತಿಗೆ," ಎಂದಳು ಹೆಂಡತಿ. ಮೊನ್ನೆ ಒಂದು ಹಳೇ ಕಟ್ಟಡದ ಲಿಫ್ಟಿನ ಬ್ರೇಕು ಬಿಚ್ಚಿದ್ದಾಗ ಲಿಫ್ಟಪ್ಪ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಯಲ್ಲಿ ಉದ್ದಣ್ಣನ ಕೈ ಹಿಡಿದು ಹೇಳಿದ್ದು ಒಂದೇ ಮಾತು: ಐದನೇ ಮಹಡಿಯ ಅಜ್ಜಿ ಕೆಳಗಿಳಿಯೋಕಾಗದೆ ಕೂತಿದ್ದಾರೆ, ಅದನ್ನು ಮುಗಿಸಿಬಿಡು.

*

ಲಿಫ್ಟು ಕೆಡುವುದಕ್ಕೆ ಹೊತ್ತುಗೊತ್ತಿಲ್ಲ. ಹಾಗಾಗಿ ಲಿಫ್ಟಪ್ಪ ಮನೆಗೆ ಬರುವುದಕ್ಕೂ ಹೊತ್ತುಗೊತ್ತಿರಲಿಲ್ಲ. ಒಂದು ದಿನ ಹನ್ನೊಂದಕ್ಕೆ, ಒಂದು ದಿನ ಸಂಜೆ ಏಳಕ್ಕೆ. ಯಾವಾಗ ಬಂದರೂ ಅವನು ಬಾಗಿಲು ತಳ್ಳುವ ಹೊತ್ತಿಗೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ಬೀದೀಲಿ ಗೂಢಚಾರರನ್ನ ಇಟ್ಟಿದ್ದೀಯೇನೇ?"

"ನನಗೂ ಗೊತ್ತಿಲ್ಲ ಕಣ್ರೀ. ಕೈ ತಾನಾಗೇ ಒಲೆ ಹಚ್ಚುತ್ತೆ."

ಅದು ನಿಜವೇ. ಅಡುಗೆಮನೆಯ ಕಿಟಕಿ ತೆರೆಯುತ್ತಿದ್ದುದು ಪಕ್ಕದ ಕಟ್ಟಡದ ಗೋಡೆಗೆ. ಅಲ್ಲಿಂದ ಬೀದಿ ಕಾಣುತ್ತಿರಲಿಲ್ಲ. ಒಂದೇ ಒಂದು ಸಲ ಮಾತ್ರ ಅವನು ಬಂದಾಗ ಒಲೆ ತಣ್ಣಗಿತ್ತು. ಅವತ್ತು ಸಲಕರಣೆಗಳ ಚೀಲವನ್ನು ಕೆಲಸದ ಜಾಗದಲ್ಲೇ ಬಿಟ್ಟು, ಬರಿಗೈಯಲ್ಲಿ ಬಂದಿದ್ದ. "ಓಹೋ, ಗೂಢಚಾರನಿಗೆ ಇವತ್ತು ರಜೆ," ಎಂದು ನಕ್ಕು, ತಾನೇ ಚಹಾ ಮಾಡಿ ಅವಳಿಗೂ ಕೊಟ್ಟ. ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಅದನ್ನೂ ಹೇಳದೆ ಕುಡಿದಳು.

*

ಡ್ರೈವರ್ ಐದನೇ ಸಲ ಹಾಡು ಹಾಕಿ ನಿಲ್ಲಿಸಿದ. "ಅಮ್ಮ, ಮೂರಾಗೋಕೆ ಹತ್ತೇ ನಿಮಿಷ."

"ಸಾಕು ಬಿಡೇ," ಎಂದಳು ಅಕ್ಕ ಮೆಲ್ಲಗೆ, ಅವಳ ಬೆನ್ನ ಮೇಲೆ ಕೈಯಿಟ್ಟು. "ಆಮೇಲೆ ಯಾವಾಗಲಾದ್ರೂ ನೆನಪಾಗುತ್ತೆ."

"ಆಮೇಲೆ ಯಾಕೆ ಬೇಕು ನಂಗೆ?" ಅವಳ ದನಿ ಒಡೆಯಿತು. ಕಣ್ಣು ಮಾತ್ರ ಒಣಗಿಯೇ ಇತ್ತು.

ಗಂಡಸರು ಎದ್ದು ಅಂಗಿಯ ತೋಳು ಮಡಿಸಿಕೊಂಡರು. ಮಗಳು ತಾಯಿಯನ್ನು ಎಬ್ಬಿಸಲು ಬಗ್ಗುವಷ್ಟರಲ್ಲಿ, ಅವಳು ತಾನಾಗಿಯೇ ಎದ್ದು ಸರಸರ ಅಡುಗೆಮನೆಗೆ ನಡೆದಳು. ಒಲೆ ಹಚ್ಚಿದಳು. ಪಾತ್ರೆಗೆ ನೀರು ಹಾಕಿ ಚಹಾ ಪುಡಿಯ ಡಬ್ಬ ತೆಗೆದಳು.

"ಅಮ್ಮ, ಏನಿದು? ದರ್ಜಿ ಅಂಕಲ್ ತಂದಿರೋ ಫ್ಲಾಸ್ಕ್ ಇನ್ನೂ ತುಂಬಿದೆಯಲ್ಲ!"

"ಅಪ್ಪ ಎರಡನೇ ಮಹಡಿಗೆ ಬಂದ್ರು ಕಣೇ," ಎಂದಳು ತಾಯಿ.

ಆಗ ಎಲ್ಲರಿಗೂ ಕೇಳಿಸಿತು. ಕೆಳಗಿನಿಂದ ಮೆಟ್ಟಿಲ ಮೇಲೆ ನಾಲ್ಕು ಹೆಜ್ಜೆ. ಒಂದು ತಡೆ. ಝಣ್. ಮತ್ತೆ ನಾಲ್ಕು ಹೆಜ್ಜೆ.

ಬಾಗಿಲಲ್ಲಿ ಕಾಣಿಸಿಕೊಂಡವನು ಉದ್ದಣ್ಣ. ಮೈಯೆಲ್ಲ ಗ್ರೀಸು, ಏದುಸಿರು. ಕೈಯಲ್ಲಿ ಲಿಫ್ಟಪ್ಪನ ಹದಿನಾಲ್ಕು ಕೇಜಿ ಚೀಲ. ಹೆಗಲಪಟ್ಟಿ ಎಂದೋ ಕಿತ್ತುಹೋಗಿತ್ತು.

"ಕೆಲಸ ಮುಗೀತು ಅಕ್ಕ. ಮೊದಲು ನಾನೇ ಮೂರು ಸಲ ಓಡಾಡಿದೆ. ಅಜ್ಜಿ ಕೆಳಗಿಳಿದ್ರು," ಎಂದು ಲಿಫ್ಟಪ್ಪನ ಹೆಂಡತಿಗೆ ಒಂದೇ ಉಸಿರಿಗೆ ಹೇಳಿ ಅಂಗೈ ಉಜ್ಜಿಕೊಂಡ. "ಇದನ್ನ ಹೇಗೆ ಹೊರ್ತಿದ್ರೋ ಮಾರಾಯ್ರು. ನಾಲ್ಕು ಮೆಟ್ಟಿಲಿಗೆ ಕೈ ಬಿದ್ದೇ ಹೋಗುತ್ತೆ. ಕೆಳಗಿಟ್ಟು ಕೈ ಬದಲಿಸದೆ ಹತ್ತೋಕೇ ಆಗಲ್ಲ."

ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಅವಳು ಚೀಲವನ್ನು ನೋಡಿದಳು, ಕುದಿಯತೊಡಗಿದ್ದ ನೀರನ್ನು ನೋಡಿದಳು. ಆಮೇಲೆ ಅಡುಗೆಮನೆಯ ಗೋಡೆಗೊರಗಿ, ನಿನ್ನೆಯಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು. ಯಾರೂ ತಡೆಯಲಿಲ್ಲ. ಡ್ರೈವರ್ ಗಡಿಯಾರ ನೋಡುವುದನ್ನು ಬಿಟ್ಟು ಫೋನನ್ನು ಜೇಬಿಗಿಳಿಸಿದ.

ಅತ್ತು ಮುಗಿದ ಮೇಲೆ ಚಹಾ ಸೋಸಿ, ಗಂಡನ ಲೋಟದಲ್ಲೇ ಉದ್ದಣ್ಣನಿಗೆ ಕೊಟ್ಟಳು. "ಕುಡಿಯಪ್ಪ. ಸಕ್ಕರೆ ಹಾಕಿದೀನಿ."

ಮೂರೂಕಾಲಿಗೆ ಲಿಫ್ಟಪ್ಪನನ್ನು ಎತ್ತಿದರು. ಮುಂದೆ ಡ್ರೈವರ್ ಮತ್ತು ದರ್ಜಿ, ಹಿಂದೆ ಇನ್ನಿಬ್ಬರು. ಅವರ ಬೆನ್ನಿಗೆ ಅವಳು. ಅವಳ ಹಿಂದೆ ಚೀಲ ಹೊತ್ತ ಉದ್ದಣ್ಣ. ಮೆಟ್ಟಿಲು ಕಡಿದಾಗಿತ್ತು. ಬೇಗ ಇಳಿದುಬಿಡೋಣ ಎಂದು ಡ್ರೈವರ್ ಉಸಿರು ಬಿಗಿಹಿಡಿದಿದ್ದ. ಒಂದು, ಎರಡು, ಮೂರು, ನಾಲ್ಕು.

"ಇಲ್ಲಿ ನಿಲ್ಲಿ," ಎಂದಳು ಅವಳು ಹಿಂದಿನಿಂದ. "ಕೈ ಬದಲಿಸ್ಕೊಳ್ಳಿ."

ಅವರು ನಿಂತರು. ಉದ್ದಣ್ಣ ಚೀಲವನ್ನು ಮೆಟ್ಟಿಲ ಮೇಲಿಟ್ಟ. ಝಣ್ ಎಂದಿತು. ಅವನು ಅದನ್ನು ಇನ್ನೊಂದು ಕೈಗೆ ತೆಗೆದುಕೊಳ್ಳುವವರೆಗೂ ಎಲ್ಲರೂ ಕಾದು, ಮುಂದಿನ ನಾಲ್ಕು ಮೆಟ್ಟಿಲಿಳಿದರು.