ಹೊಟ್ಟೆ ತೊಳಸುವ ಹುಡುಗಿ

ಸುಷ್ಮಾಗೆ ಬಸ್ಸು ಆಗುತ್ತಿರಲಿಲ್ಲ. ಸರಸ್ವತಿಪುರಂನಲ್ಲಿ ಹತ್ತಿ ಸಿಟಿ ಬಸ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಬಾಯಲ್ಲಿ ನೀರೂರಿ, ಹಣೆ ತಣ್ಣಗಾಗಿ, ಹೊಟ್ಟೆಯಲ್ಲಿದ್ದುದೆಲ್ಲ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಕಾಲೇಜಿಗೆ ಮೂರು ವರ್ಷವೂ ಅವಳು ನಡೆದೇ ಹೋದಳು. ಮದುವೆ, ನಾಮಕರಣ ಎಂದು ಹೊರ ಊರಿಗೆ ಹೋಗಲೇಬೇಕಾದಾಗ ಅವಳನ್ನು ಕರೆದೊಯ್ಯುವ ಹೊಣೆ ಅಕ್ಕ ಸರ್ವಮಂಗಳಾಳದು.

ಸರ್ವಮಂಗಳಾ ಏಳು ವರ್ಷ ದೊಡ್ಡವಳು. ತಂಗಿಯ ಹೊಟ್ಟೆಯ ಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದಳು. ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ. ಅದರ ಕಹಿ ತಂಗಿಗೆ ಸೇರದೆಂದು ಚಮಚದಲ್ಲಿ ಪುಡಿ ಮಾಡಿ, ಸಕ್ಕರೆ ಬೆರೆಸಿ ತಾನೇ ಬಾಯಿಗೆ ಹಾಕುತ್ತಿದ್ದಳು. ಮೇಲೆ ಒಂದೇ ಇಡ್ಲಿ. ಬರಿ ಹೊಟ್ಟೆಯೂ ಕೂಡದು, ತುಂಬಿದ ಹೊಟ್ಟೆಯೂ ಕೂಡದು. ಬಸ್ಸಿನಲ್ಲಿ ಮುಂದಿನ ಸೀಟು, ಕಿಟಕಿ ಪಕ್ಕ, ಕೈಯಲ್ಲಿ ನಿಂಬೆಹಣ್ಣು. "ಹತ್ತಿರದ್ದು ನೋಡ್ಬೇಡ ಕಣೆ, ದೂರದ ಮರ ನೋಡು" ಎಂದು ದಾರಿಯುದ್ದಕ್ಕೂ ಬೆನ್ನು ಸವರುತ್ತಿದ್ದಳು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಸರ್ವಮಂಗಳಾಗೆ ಇಪ್ಪತ್ತೊಂಬತ್ತು. ನಾಲ್ಕು ಸಂಬಂಧಗಳು ಬಂದು ಹೋಗಿದ್ದವು. ಐದನೆಯದು ಗೋಕುಲಂನಿಂದ ಬಂತು. ಹುಡುಗ ಮಹದೇವಪ್ರಸಾದ್, ಯೋಗ ಕಲಿಯಲು ಬರುವ ವಿದೇಶಿಯರನ್ನು ಊರೂರು ತಿರುಗಿಸುವ ಟ್ರಾವೆಲ್ಸ್ ನಡೆಸುತ್ತಿದ್ದ. ಅವನ ತಾಯಿ ಅಂಬುಜಮ್ಮ ಉಪ್ಪಿಟ್ಟು ತಿಂದು, ಸರ್ವಮಂಗಳಾಳನ್ನು ಎರಡು ಮಾತು ಕೇಳಿ, ಕಾಫಿ ತಂದಿಟ್ಟ ಸುಷ್ಮಾಳ ಕಡೆ ತಿರುಗಿದರು. ಎರಡು ದಿನದ ಮೇಲೆ ಮಧ್ಯಸ್ಥ ಶಿವರುದ್ರಪ್ಪ ಬಂದು ಅಂಗಳದಲ್ಲೇ ನಿಂತು ಹೇಳಿದರು:

"ಅವ್ರಿಗೆ ಚಿಕ್ಕ ಹುಡುಗಿ ಒಪ್ಗೆ ಆಗ್ಯದೆ ಸದಾಶಿವಯ್ಯನೋರೆ. ದೊಡ್ಡೋಳ್ಗೆ ಕಾಯ್ತಾ ಕೂತ್ರೆ ಇಬ್ರೂ ಮನೇಲೇ ಉಳ್ಕತ್ತಾರೆ. ಯೋಚ್ನೆ ಮಾಡಿ."

ತಂದೆ ಸದಾಶಿವಯ್ಯ ಒಂದು ವಾರ ಯೋಚಿಸಿ ಒಪ್ಪಿಬಿಟ್ಟರು. ಒಳಗೆ ಅಕ್ಕಿ ಆರಿಸುತ್ತಿದ್ದ ಸರ್ವಮಂಗಳಾಳನ್ನು ಯಾರೂ ಏನೂ ಕೇಳಲಿಲ್ಲ. ಸುಷ್ಮಾ ಹತ್ತಿರ ಹೋಗಿ, "ನಾನು ಬೇಡ ಅಂತೀನಿ ಅಕ್ಕ" ಎಂದಳು.

"ಯಾಕೆ? ಹುಡುಗ ಚೆನ್ನಾಗಿದಾನೆ" ಎಂದು ಅಕ್ಕ ತಲೆ ಎತ್ತದೆ ಹೇಳಿದಳು. ಸುಷ್ಮಾ ಮತ್ತೆ ಆ ಮಾತು ಎತ್ತಲಿಲ್ಲ. ಹುಡುಗ ಅವಳಿಗೂ ಹಿಡಿಸಿದ್ದ.

ನಿಶ್ಚಿತಾರ್ಥಕ್ಕೆ ಮೊದಲು ಹುಡುಗನ ಕಡೆಯವರು ಎರಡೂ ಮನೆಯವರನ್ನು ಊರಾಚೆ ಹೊಸದಾಗಿ ತೆರೆದಿದ್ದ ಪಾರ್ಕಿಗೆ ಕರೆದರು. ತಾಯಿ ಪಾರ್ವತಮ್ಮ ಸುಷ್ಮಾಳನ್ನು ಕೋಣೆಗೆ ಕರೆದು, "ಅವ್ರದು ಗಾಡಿ ಮೇಲೆ ಬದುಕೋ ಮನೆ. ನಿನ್ನ ವಾಂತಿ ಸಂಗ್ತಿ ಬಾಯಿ ಬಿಡ್ಬೇಡ" ಎಂದರು. ಭಾನುವಾರ ಬೆಳಿಗ್ಗೆ ಸರ್ವಮಂಗಳಾ ಎಂದಿನಂತೆ ಚಮಚ ಹಿಡಿದು ಬಂದಳು. ಸುಷ್ಮಾ ಕಣ್ಣು ಮುಚ್ಚಿ ಬಾಯಿ ತೆರೆದಳು.

ವ್ಯಾನು ಊರು ದಾಟುವಾಗಲೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಆ ಮಾತ್ರೆ ತೆಗೆದುಕೊಂಡರೆ ಬಾಯಿ ಒಣಗಬೇಕು, ರೆಪ್ಪೆ ಭಾರವಾಗಬೇಕು. ಅವತ್ತು ಬಾಯಲ್ಲಿ ನೀರೂರುತ್ತಿತ್ತು. ಭಯಕ್ಕೆ ಹೀಗಾಗುತ್ತಿದೆ ಎಂದುಕೊಂಡು ದೂರದ ಮರ ನೋಡುತ್ತ ಕೂತಳು. ಹೇಗೋ ಪಾರ್ಕು ಬಂತು.

ಅಲ್ಲಿ ಎತ್ತರದ ಕಂಬಗಳಿಗೆ ತೂಗುಹಾಕಿದ ದೊಡ್ಡ ಹಡಗೊಂದು ಜನರನ್ನು ತುಂಬಿಕೊಂಡು ಜೋಕಾಲಿಯಂತೆ ತೂಗುತ್ತಿತ್ತು. ಮಹದೇವಪ್ರಸಾದ್ ಟಿಕೆಟ್ ತಂದ. "ನಂಗೆ ಬೇಡ, ಕೆಳಗಡೆನೇ ನಿಂತಿರ್ತೀನಿ" ಎಂದಳು ಸುಷ್ಮಾ.

"ಹೋಗು ಕಣೆ, ಅವ್ರು ಇಷ್ಟು ಪ್ರೀತಿಯಿಂದ ಕರೀತಿದಾರೆ" ಎಂದಳು ಸರ್ವಮಂಗಳಾ. ಹಡಗಿನ ನಡುವೆ ಕೂತರೆ ತೂಗಾಟ ಕಡಿಮೆ ಎಂದು ಯಾರು ನೋಡಿದರೂ ತಿಳಿಯುವಂತಿತ್ತು. ಆದರೆ ಅವಳು ತಂಗಿಯ ಭುಜ ಹಿಡಿದು ತೀರ ಕೊನೆಯ ಸಾಲಿಗೆ ನಡೆಸಿದಳು. "ಇಲ್ಲೇ ಮಜಾ ಇರೋದು. ಅವ್ರ ಪಕ್ಕ ಕೂತ್ಕೊ." ತಾನು ಮುಂದಿನ ಸಾಲಿನಲ್ಲಿ ಕೂತಳು.

ಮೂರನೇ ಸಲ ಹಡಗು ಮೇಲೇರಿ ಕೆಳಗೆ ಬಿದ್ದಾಗ ಸುಷ್ಮಾಳ ಬಾಯಿ ತಡೆಯಲಿಲ್ಲ. ಮೊದಲು ಮಹದೇವಪ್ರಸಾದನ ಬಿಳಿ ಅಂಗಿ, ಆಮೇಲೆ ಅವಳದೇ ರೇಷ್ಮೆ ಸೀರೆ. ಹಡಗು ನಿಲ್ಲಲಿಲ್ಲ. ನಿಲ್ಲಿಸಿ ಎಂದು ಅವಳು ಕೈ ಬೀಸಿದರೆ ಕೆಳಗೆ ಸಾಲಿನಲ್ಲಿ ನಿಂತವರು ತಿರುಗಿ ಕೈ ಬೀಸಿ ನಕ್ಕರು. ಇನ್ನೂ ಎಂಟೋ ಹತ್ತೋ ಸಲ ಅದು ತೂಗಿತು. ಅಷ್ಟು ಸಲವೂ ಅವಳು ಕಕ್ಕಿದಳು.

ಇಳಿದ ಮೇಲೆ ಸರ್ವಮಂಗಳಾ ಕರವಸ್ತ್ರ ಒದ್ದೆ ಮಾಡಿ ತಂದು ಮಹದೇವಪ್ರಸಾದನ ಅಂಗಿ ಒರೆಸಿದಳು. ಅವನಿಗೆ ನೀರು ಕೊಟ್ಟಳು. ಸುಷ್ಮಾ ನಲ್ಲಿಯ ಬಳಿ ನೆಲದ ಮೇಲೆ ಕೂತಿದ್ದಳು. ಅಂಬುಜಮ್ಮ ಮೂಗಿಗೆ ಸೆರಗು ಹಿಡಿದು ಎರಡು ಮಾರು ದೂರದಲ್ಲಿ ನಿಂತು ಕೇಳಿದರು:

"ಇದು ಮುಂಚಿಂದ್ಲೂ ಇದ್ದಿದ್ದಾ ಪಾರ್ವತಮ್ಮ?"

"ಚಿಕ್ಕಂದಿನಿಂದ್ಲೂ ಇದೆ ಅತ್ತೆ. ಸಿಟಿ ಬಸ್ಸೂ ಆಗಲ್ಲ ಅವಳ್ಗೆ" ಎಂದಳು ಸರ್ವಮಂಗಳಾ. ಅಂಬುಜಮ್ಮನನ್ನು ಅತ್ತೆ ಎಂದು ಅವಳು ಕರೆದದ್ದು ಅದೇ ಮೊದಲು.

ಮನೆಗೆ ಬಂದು ಸ್ನಾನ ಮಾಡಿ ಸುಷ್ಮಾ ಮಾತ್ರೆಯ ಡಬ್ಬಿ ತೆಗೆದಳು. ಆ ಪ್ರಯಾಣಕ್ಕೆಂದೇ ತಂದಿದ್ದ ಹೊಸ ಪಟ್ಟಿಯಲ್ಲಿ ಹತ್ತಕ್ಕೆ ಹತ್ತೂ ಹಾಗೇ ಇದ್ದವು. ಜ್ವರದ ಮಾತ್ರೆಯಲ್ಲಿ ಒಂದು ಕಡಿಮೆಯಿತ್ತು. ತಿರುಗಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ.

"ನಿಂಗಿನ್ನೂ ಇಪ್ಪತ್ತೆರಡು" ಎಂದಳು. "ನಿಂಗೆ ಇನ್ನೊಬ್ಬ ಬರ್ತಾನೆ. ನಂಗೆ ಬರಲ್ಲ."

"ನಂಗೆ ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

"ನೀನು ಬಿಟ್ಟುಕೊಟ್ರೆ ಅವ್ರು ನನ್ನನ್ನ ಕೇಳ್ತಿದ್ರಾ? ಅವ್ರಿಗೇ ನೀನು ಬೇಡ ಅನ್ನಿಸ್ಬೇಕಿತ್ತು." ಸರ್ವಮಂಗಳಾ ಡಬ್ಬಿಯ ಮುಚ್ಚಳ ಹಾಕಿ ಮೇಲಿಟ್ಟಳು. "ಅಪ್ಪಂಗೆ ಹೇಳ್ಬೇಕು ಅಂದ್ರೆ ಹೇಳು."

ಸುಷ್ಮಾ ಹೇಳಲಿಲ್ಲ. ಹದಿನೈದು ದಿನಕ್ಕೆ ಶಿವರುದ್ರಪ್ಪ ಮತ್ತೆ ಬಂದು, ಈ ಸಲ ಅದೇ ಹುಡುಗನಿಗೆ ದೊಡ್ಡವಳನ್ನು ಕೇಳಿದರು. ಕಾರ್ತಿಕದಲ್ಲಿ ಸರ್ವಮಂಗಳಾಳ ಮದುವೆಯಾಯಿತು. ತಂಗಿಗೆ ಇನ್ನೊಬ್ಬ ಬರಲಿಲ್ಲ. ಹುಡುಗಿಗೆ ಅದೇನೋ ಕಾಯಿಲೆಯಂತೆ ಎಂಬ ಮಾತು ಗೋಕುಲಂನಿಂದ ಹೊರಟು ಕುಂಬಾರಕೊಪ್ಪಲಿನ ನೆಂಟರ ಮನೆಯನ್ನೂ ಮುಟ್ಟಿತ್ತು. ಹಬ್ಬಕ್ಕೆ ಬಂದಾಗಲೆಲ್ಲ ಮಹದೇವಪ್ರಸಾದ್ ಹಡಗಿನ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಸದಾಶಿವಯ್ಯನವರೂ ನಗುತ್ತಿದ್ದರು.

ಸುಷ್ಮಾ ಮನೆಯ ಹತ್ತಿರದ ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಹಿಡಿದಳು. ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ವಯಸ್ಸಾದ ಮೇಷ್ಟ್ರು ರುದ್ರಸ್ವಾಮಿ ಒಂದು ದಿನ, "ಗಾಡಿ ಓಡಿಸೋರಿಗೆ ವಾಂತಿ ಬರಲ್ಲ ಕಣಮ್ಮ. ಮುಂದಿನ ತಿರುವು ಅವ್ರ ಮೈಗೆ ಮೊದಲೇ ಗೊತ್ತಿರುತ್ತೆ" ಎಂದರು. ಅವಳು ನಂಬಲಿಲ್ಲ. ಆದರೂ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮೊದಲ ದಿನ ಪ್ಲಾಸ್ಟಿಕ್ ಕವರ್ ಮಡಿಲಲ್ಲಿಟ್ಟುಕೊಂಡೇ ಸ್ಟೀರಿಂಗ್ ಹಿಡಿದಳು. ಏನೂ ಆಗಲಿಲ್ಲ. ರಿಂಗ್ ರೋಡಿನಲ್ಲಿ ಆರು ಮೈಲಿ ಓಡಿಸಿ ಇಳಿದು, ಹೋಟೆಲಿಗೆ ಹೋಗಿ ಎರಡು ದೋಸೆ ತಿಂದಳು.

ಎರಡು ಸಾವಿರದ ಆರರಲ್ಲಿ, ಬಹಳ ಹರಕೆಗಳಾದ ಮೇಲೆ, ಸರ್ವಮಂಗಳಾ ಬಸುರಿಯಾದಳು. ಐದನೇ ತಿಂಗಳಲ್ಲಿ ಪಾರ್ವತಮ್ಮ ಅವಳನ್ನು ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕೆಂದರು. ಮಹದೇವಪ್ರಸಾದ್ ಮನೆ ಮುಂದೆ ಕಾರು ಬಿಟ್ಟು ಹೋದ, ಡ್ರೈವರ್ ಸಿಗಲಿಲ್ಲ. "ನಾನೇ ಓಡಿಸ್ತೀನಿ" ಎಂದಳು ಸುಷ್ಮಾ.

ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ದರ್ಶನ ಮುಗಿಸಿ, ಪ್ರಸಾದ ತಿಂದು ಇಳಿಯಲು ಹೊರಟ ಎರಡನೇ ತಿರುವಿನಲ್ಲಿ ಹಿಂದಿನ ಸೀಟಿನಿಂದ ಸರ್ವಮಂಗಳಾ, "ಸುಷ್ಮಾ, ಸ್ವಲ್ಪ ನಿಲ್ಸು ಕಣೆ, ಹೊಟ್ಟೆ ತೊಳಸ್ತಿದೆ" ಎಂದಳು.

ಎಡಗಡೆ ಅಗಲವಾದ ಜಾಗವಿತ್ತು. ಎರಡು ಸ್ಕೂಟರುಗಳು ನಿಂತಿದ್ದವು. ಸುಷ್ಮಾ ಅದನ್ನು ನೋಡಿದಳು. ಕಾರನ್ನು ನಿಲ್ಲಿಸಲಿಲ್ಲ. ಮುಂದಿನ ತಿರುವನ್ನು ಬೇಕೆಂದೇ ಬಿರುಸಾಗಿ ತೆಗೆದುಕೊಂಡಳು.

"ನಿಲ್ಸಮ್ಮ" ಎಂದರು ಪಾರ್ವತಮ್ಮ. "ಬಸುರಿ ಹೆಂಗಸು."

ಸುಷ್ಮಾ ಎದುರಿನ ರಸ್ತೆ ನೋಡುತ್ತಿದ್ದಳು. ಕನ್ನಡಿಯಲ್ಲಿ ಅಕ್ಕನ ಮುಖ ಬಿಳಿಚಿತ್ತು, ತುಟಿ ಬಿಗಿದಿತ್ತು. ಇನ್ನೊಂದು ತಿರುವಿನಲ್ಲಿ ಅವಳು ಸೆರಗಿಗೇ ವಾಂತಿ ಮಾಡಿದಳು. ಮತ್ತೊಂದರಲ್ಲಿ ತಾಯಿಯ ಮಡಿಲಿಗೆ. ಮೂರನೇ ಸಲ ಬಾಯಿ ಒರೆಸಿಕೊಂಡು ಕನ್ನಡಿ ನೋಡಿದಾಗ ಇಬ್ಬರ ಕಣ್ಣೂ ಸೇರಿದವು. ಆಮೇಲೆ ಸರ್ವಮಂಗಳಾ ನಿಲ್ಲಿಸು ಎಂದು ಕೇಳಲಿಲ್ಲ. ಸುಷ್ಮಾಳಿಗೆ ಹಿತವಾಗಿತ್ತು.

ಬೆಟ್ಟದ ತಪ್ಪಲಿನಲ್ಲಿ ಕಾರು ನಿಂತಿತು. ಸರ್ವಮಂಗಳಾ ಇಳಿದು ಮರಕ್ಕೆ ಒರಗಿ ನಿಂತಳು. ಪಾರ್ವತಮ್ಮ ಅವಳಿಗೆ ನೀರು ಕುಡಿಸಿ, ಮುಖ ತೊಳೆಸಿ, ಸುಷ್ಮಾಳ ಕಿಟಕಿಯ ಬಳಿಗೆ ಬಂದರು. ಅವರ ಸೀರೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

"ಆ ಸಂಕಟ ಏನು ಅಂತ ಯಾರಿಗೆ ಗೊತ್ತಿಲ್ದಿದ್ರೂ ನಿಂಗೆ ಗೊತ್ತಿತ್ತಲ್ಲೆ" ಎಂದರು.

"ಗೊತ್ತಿತ್ತಮ್ಮ" ಎಂದಳು ಸುಷ್ಮಾ.

ತಾಯಿ ರಸ್ತೆಗೆ ಹೋಗಿ, ಖಾಲಿ ಬರುತ್ತಿದ್ದ ಆಟೋ ಒಂದಕ್ಕೆ ಕೈ ಅಡ್ಡ ಹಿಡಿದು, ದೊಡ್ಡ ಮಗಳನ್ನು ಹತ್ತಿಸಿಕೊಂಡು ಹೊರಟುಹೋದರು.